ಕೂಡಿ ಇದ್ದ ಬಾಡಿಗೆ ಮನೆಯನ್ನು ಬಿಡುವ ಕ್ರಮ

ಕಲಬುರಗಿಯ ಜೇವರ್ಗಿ ರಸ್ತೆ, ಸೇಡಂ ರಸ್ತೆ, ಆಳಂದ ರಸ್ತೆಗಳ ಆಚೀಚೆಯ ಬಡಾವಣೆಗಳಲ್ಲಿ ಮೂರು ನಾಲ್ಕು ಜನ ಕೂಡಿ ಬಾಡಿಗೆ ಹಿಡಿದ ಮನೆಗಳು ಬಹಳ ಇವೆ. ಆಸ್ಪತ್ರೆಗಳಲ್ಲಿ ಪಾಳಿಯ ಮೇಲೆ ದುಡಿಯುವ ನರ್ಸುಗಳು, ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ವಕೀಲಿ ಆರಂಭಿಸಿದವರು, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಿಗೆ ಹೊಸದಾಗಿ ನೇಮಕಗೊಂಡವರು, ಗುಲಬರ್ಗಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಇಲ್ಲಿಂದಲೇ ಹೋಗಿಬರುವವರು ಹೀಗೆ ಒಂದೇ ಸೂರಿನ ಕೆಳಗೆ ಎರಡು ಮೂರು ವರ್ಷ ಕಳೆಯುತ್ತಾರೆ. ಆಮೇಲೆ ಒಬ್ಬರಿಗೆ ವರ್ಗಾವಣೆಯಾಗುತ್ತದೆ, ಒಬ್ಬರಿಗೆ ಮದುವೆ ಗೊತ್ತಾಗುತ್ತದೆ, ಇನ್ನೊಬ್ಬರ ಸಂಶೋಧನೆ ಮುಗಿಯುತ್ತದೆ, ಉಳಿದವರಿಗೆ ಅಷ್ಟು ದೊಡ್ಡ ಮನೆಯ ಬಾಡಿಗೆ ಭಾರವಾಗುತ್ತದೆ. ಮನೆ ಹಿಡಿಯುವಾಗ ಸಲಹೆ ಕೊಡುವವರು ಹತ್ತು ಜನ ಇರುತ್ತಾರೆ. ಬಿಡುವಾಗ ಏನು ಮಾಡಬೇಕೆಂದು ಹೇಳುವವರು ಸಿಗುವುದಿಲ್ಲ.

ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಕೆಲಸಗಳ ಕ್ರಮವನ್ನು. ಹಣದ ಲೆಕ್ಕ ಮೊದಲು ಮುಗಿಯಬೇಕು, ಸಾಮಾನಿನ ಹಂಚಿಕೆ ಆಮೇಲೆ ಬರಬೇಕು, ಬೀಳ್ಕೊಡುಗೆ ಎಲ್ಲಕ್ಕಿಂತ ಕೊನೆಗೆ ಇರಬೇಕು. ಸಾಮಾನ್ಯವಾಗಿ ಇದು ತಲೆಕೆಳಗಾಗುತ್ತದೆ: ಮೊದಲು ಊಟ, ಫೋಟೊ, ಅಪ್ಪುಗೆ ಎಲ್ಲ ಆಗಿ, ಎಲ್ಲರೂ ತಮ್ಮ ತಮ್ಮ ಊರು ಸೇರಿದ ಮೇಲೆ ವಿದ್ಯುತ್ ಬಿಲ್ಲು ಬರುತ್ತದೆ, ಅಡ್ವಾನ್ಸಿನಲ್ಲಿ ಎಷ್ಟೋ ಕಡಿತವಾಗಿದೆ ಎಂಬ ಸುದ್ದಿ ಬರುತ್ತದೆ, ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಫೋನಿನಲ್ಲಿ ಶುರುವಾಗುತ್ತದೆ. ಎದುರು ಕೂತಿದ್ದರೆ ಐದು ನಿಮಿಷಕ್ಕೆ ಮುಗಿಯುತ್ತಿದ್ದ ಮಾತು ಫೋನಿನಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಮನೆಯ ಜೊತೆಗಾರರೇ ಕಚೇರಿಯ ಸಹೋದ್ಯೋಗಿಗಳೂ ಆಗಿದ್ದರಂತೂ ತೀರದ ಎಂಟುನೂರು ರೂಪಾಯಿ ದಿನಾಲೂ ಇಬ್ಬರ ಮೇಜುಗಳ ನಡುವೆ ಕೂತಿರುತ್ತದೆ.

ಎಲ್ಲರಿಗೂ ಒಂದೇ ದಿನಾಂಕ

ಕನಿಷ್ಠ ಒಂದೂವರೆ ತಿಂಗಳು ಮೊದಲು, ಎಲ್ಲರೂ ಮನೆಯಲ್ಲಿರುವ ಒಂದು ಭಾನುವಾರ ಕೂತು, ಮನೆ ಬಿಡುವ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಒಬ್ಬೊಬ್ಬರು ಒಂದೊಂದು ವಾರ ಬಿಟ್ಟು ಹೊರಡುವುದು ಅನಿವಾರ್ಯವಾದರೂ ಲೆಕ್ಕದ ದಿನಾಂಕ ಎಲ್ಲರಿಗೂ ಒಂದೇ ಇರಲಿ. ಮೊದಲು ಹೊರಟವರು ಆ ದಿನಾಂಕದವರೆಗಿನ ಬಾಡಿಗೆಯಲ್ಲಿ ತಮ್ಮ ಪಾಲು ಕೊಡುತ್ತಾರೆ, ಆದರೆ ತಾವು ಬಳಸದ ಹಾಲು, ನೀರಿನ ಕ್ಯಾನು, ಅಡುಗೆ ಸಾಮಾನುಗಳ ಖರ್ಚು ಅವರಿಗೆ ಬರುವುದಿಲ್ಲ. ಬಾಡಿಗೆ ಮನೆಯ ಮೇಲಿನದು, ಬಳಕೆ ಮನುಷ್ಯನ ಮೇಲಿನದು ಎಂಬ ಈ ಭೇದವನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಅರ್ಧ ವಾದ ಹುಟ್ಟುವುದೇ ಇಲ್ಲ.

ದಿನ ಆರಿಸುವಾಗ ಇಲ್ಲಿನ ಎರಡು ಸಂಗತಿಗಳನ್ನು ಗಮನಿಸಬೇಕು. ರಾಜ್ಯ ಸರ್ಕಾರದ ಸಾರ್ವತ್ರಿಕ ವರ್ಗಾವಣೆಗಳು ಹೆಚ್ಚಾಗಿ ಮೇ, ಜೂನ್ ತಿಂಗಳುಗಳಲ್ಲಿ ಬರುವುದರಿಂದ ಬಹಳ ಮನೆಗಳು ಬಿರುಬಿಸಿಲಿನಲ್ಲಿಯೇ ಖಾಲಿಯಾಗುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವ ಆ ದಿನಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ರೂಢಿಯಿದೆ. ಆದ್ದರಿಂದ ಕಚೇರಿಯ ಕೆಲಸಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಾರದು. ಸಾಮಾನು ಏರಿಸುವುದನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ಹಮಾಲರನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಪಾಟು ಹೊರಿಸಿ ದುಡಿಸುವುದು ಅನ್ಯಾಯ. ಎರಡನೆಯದು, ಅಮಾವಾಸ್ಯೆ ಮತ್ತು ಶುಕ್ರವಾರಗಳಂದು ಮನೆಯಿಂದ ಹಣ ಹೊರಗೆ ಕೊಡದ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ನಿಮ್ಮ ಮಾಲಕರು ಅಂಥವರಾಗಿದ್ದರೆ ಅಡ್ವಾನ್ಸು ವಾಪಸು ಪಡೆಯುವ ದಿನ ಅದಾಗದಂತೆ ನೋಡಿಕೊಳ್ಳಿ.

ಮಾಲಕರಿಗೆ ತಿಳಿಸುವುದು

ಮೊದಲು ಬಾಯಿಮಾತಿನಲ್ಲಿ, ನಂತರ ಬರಹದಲ್ಲಿ ತಿಳಿಸಬೇಕು. ಎಲ್ಲರೂ ಕೂಡಿ ಹೋಗಿ, ಕೂತು, "ಕಾಕಾ, ಮುಂದಿನ ತಿಂಗಳ ಮೂವತ್ತಕ್ಕ ಮನಿ ಖಾಲಿ ಮಾಡ್ತೀವ್ರಿ. ಮೊದಲ ನಿಮಗ ಹೇಳಬೇಕಂತ ಬಂದೀವಿ" ಎಂದು ಹೇಳುವ ಮರ್ಯಾದೆಗೆ ಬೆಲೆಯಿದೆ. ನೆರೆಯವರ ಬಾಯಿಂದ ಸುದ್ದಿ ತಿಳಿದ ಮಾಲಕರು ಅಡ್ವಾನ್ಸು ಕೊಡುವಾಗ ಬಿಗಿಯಾಗುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇರುವುದಿಲ್ಲ.

ಬರಹ ಏಕೆ ಬೇಕೆಂದರೆ, ಕರಾರು ಪತ್ರದಲ್ಲಿ ಎಷ್ಟು ದಿನದ ಮುನ್ಸೂಚನೆ ಎಂದು ಬರೆದಿದೆಯೋ ಅದೇ ಇಬ್ಬರಿಗೂ ಅನ್ವಯಿಸುತ್ತದೆ. ಹೆಚ್ಚಿನ ಪತ್ರಗಳಲ್ಲಿ ಅದು ಒಂದು ತಿಂಗಳು. ಕರಾರೇ ಇಲ್ಲದ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 106ನೇ ಕಲಮು 15 ದಿನಗಳ ಲಿಖಿತ ಸೂಚನೆಯನ್ನು ಹೇಳುತ್ತದೆ. ನಮ್ಮ ಕರಾರುಗಳೆಲ್ಲ 11 ತಿಂಗಳಿನವಾಗಿರಲು ಕಾರಣ, ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆಂಬ ನಿಯಮ. ಎರಡು ಮೂರು ವರ್ಷ ಇದ್ದವರ ಕೈಯಲ್ಲಿ ಹಳೆಯ, ಅವಧಿ ಮುಗಿದ ಪತ್ರ ಮಾತ್ರ ಇರುತ್ತದೆ. ಅದನ್ನೇ ಹುಡುಕಿ ತೆಗೆದು ಓದಿ: ಬಣ್ಣದ ಖರ್ಚು ಯಾರದು, ಅಡ್ವಾನ್ಸು ಎಷ್ಟು, ಎಷ್ಟು ದಿನದೊಳಗೆ ವಾಪಸು ಎಂಬ ಮೂರು ಸಾಲುಗಳನ್ನು ಗುರುತುಮಾಡಿಕೊಳ್ಳಿ. ಪತ್ರದಲ್ಲಿ ಯಾರ ಹೆಸರಿದೆ ಎಂಬುದನ್ನೂ ನೋಡಬೇಕು. ಕೂಡಿ ಹಿಡಿದ ಮನೆಗಳಲ್ಲಿ ಹೆಸರು ಒಬ್ಬರದೇ ಇರುತ್ತದೆ. ಮಾಲಕರ ಮುಂದೆ ಹೊಣೆ ಹೊರುವವರು ಅವರೊಬ್ಬರೇ. ಉಳಿದವರು ಇದನ್ನು ನೆನಪಿಟ್ಟು ಅವರ ಹೆಗಲ ಮೇಲಿನ ಭಾರ ಮೊದಲು ಇಳಿಸಬೇಕು.

ಪತ್ರ ದೊಡ್ಡದಿರಬೇಕಾಗಿಲ್ಲ. "ಇಂಥ ಬಡಾವಣೆಯ ಇಂಥ ಮನೆಯಲ್ಲಿ ಬಾಡಿಗೆಗಿರುವ ನಾವು ಇಂಥ ದಿನಾಂಕದಂದು ಮನೆಯನ್ನು ಖಾಲಿ ಮಾಡಿ ಕೀಲಿಕೈಗಳನ್ನು ತಮಗೆ ಒಪ್ಪಿಸುತ್ತೇವೆ. ತಮ್ಮಲ್ಲಿರುವ ಅಡ್ವಾನ್ಸು ಇಷ್ಟು ರೂಪಾಯಿಗಳನ್ನು, ಬಾಕಿ ಏನಾದರೂ ಇದ್ದರೆ ಕಳೆದು, ಅದೇ ದಿನ ಕೊಡಬೇಕೆಂದು ವಿನಂತಿಸುತ್ತೇವೆ" ಎಂದು ಬರೆದು, ಎಲ್ಲರೂ ಸಹಿ ಮಾಡಿ, ಪ್ರತಿಯ ಮೇಲೆ ಮಾಲಕರ ಸಹಿ ಪಡೆದರೆ ಸಾಕು. ಸಹಿ ಕೇಳಲು ಸಂಕೋಚವೆನಿಸಿದರೆ ಪತ್ರದ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಿ, ಅವರ ಉತ್ತರವನ್ನು ಉಳಿಸಿಕೊಳ್ಳಿ.

ಇದೇ ಭೇಟಿಯಲ್ಲಿ ಬಾಡಿಗೆ ರಸೀದಿಗಳನ್ನೂ ಕೇಳಿಬಿಡಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರರಿಗೆ ಅವು ಬೇಕಾಗುತ್ತವೆ, ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿದ ಬಾಡಿಗೆಗೆ ಮಾಲಕರ ಪ್ಯಾನ್ ಸಂಖ್ಯೆಯೂ ಬೇಕು. ಊರು ಬಿಟ್ಟ ಮೇಲೆ ಮಾರ್ಚಿನಲ್ಲಿ ಫೋನು ಮಾಡಿ ಕೇಳುವುದು ಇಬ್ಬರಿಗೂ ತೊಂದರೆ.

ಅಡ್ವಾನ್ಸು ಮತ್ತು ಒಳಗಿನ ಲೆಕ್ಕ

ಕೂಡಿ ಇದ್ದವರ ನಡುವೆ ಮನಸ್ತಾಪ ಹುಟ್ಟುವ ಜಾಗ ಇದೇ ಆದ್ದರಿಂದ ಇಲ್ಲಿ ಸಾವಧಾನ ಬೇಕು. ಮೊದಲು ಒಂದು ಹಾಳೆಯಲ್ಲಿ, ಮನೆ ಹಿಡಿದಾಗ ಯಾರು ಎಷ್ಟು ಅಡ್ವಾನ್ಸು ಕೊಟ್ಟರು, ನಡುವೆ ಯಾರು ಹೋದರು, ಅವರ ಜಾಗಕ್ಕೆ ಬಂದವರು ಅವರ ಪಾಲನ್ನು ಅವರಿಗೇ ಕೊಟ್ಟರೋ ಇಲ್ಲವೋ ಎಂಬ ಇತಿಹಾಸವನ್ನು ಬರೆಯಬೇಕು. ನಡುವೆ ಬಿಟ್ಟುಹೋದ ಗೆಳೆಯನಿಗೆ ಪಾಲು ಸಂದಿಲ್ಲವೆಂದಾದರೆ ಅವನು ಕೇಳದೆ ಸುಮ್ಮನಿದ್ದರೂ ಅದು ಅವನ ಹಣವೇ. ಅವನಿಗೆ ಫೋನು ಮಾಡಿ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಕಡಿತಗಳಲ್ಲಿ ಎರಡು ಬಗೆ. ಗೋಡೆಯ ಬಣ್ಣ, ಕೊನೆಯ ತಿಂಗಳ ನೀರು ಮತ್ತು ವಿದ್ಯುತ್ತು, ನಳ ಸೋರಿದ್ದು ಇವೆಲ್ಲ ಕೂಡಿ ಇದ್ದುದರ ಖರ್ಚು, ಎಲ್ಲರ ಮೇಲೂ ಸಮನಾಗಿ ಬೀಳಬೇಕು. ಒಬ್ಬರ ಕೋಣೆಯ ಕಿಟಕಿಯ ಗಾಜು, ಒಬ್ಬರು ಮುರಿದ ಬೀಗ, ಇವು ಆಯಾ ವ್ಯಕ್ತಿಯವು. ಉದಾಹರಣೆಗೆ ನಾಲ್ವರು ತಲಾ 10,000ದಂತೆ 40,000 ರೂಪಾಯಿ ಅಡ್ವಾನ್ಸು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಮಾಲಕರು ಬಣ್ಣಕ್ಕೆ 4,000, ಬಿಲ್ಲುಗಳಿಗೆ 1,200, ಒಂದು ಕೋಣೆಯ ಗಾಜಿಗೆ 800 ಹಿಡಿದು 34,000 ಕೊಟ್ಟರು. ಮೊದಲ ಎರಡನ್ನು ಕೂಡಿಸಿದರೆ 5,200, ತಲಾ 1,300. ಹಾಗಾಗಿ ಮೂವರಿಗೆ 8,700, ಗಾಜು ಒಡೆದ ಕೋಣೆಯವರಿಗೆ 7,900 ಸಿಗಬೇಕು. ನಾಲ್ಕನ್ನೂ ಕೂಡಿಸಿದರೆ 34,000 ಸರಿಹೋಗುತ್ತದೆ. ಈ ಲೆಕ್ಕವನ್ನು ಹಣ ಬರುವ ಮೊದಲೇ ಕಾಗದದ ಮೇಲೆ ಮಾಡಿ ಎಲ್ಲರಿಗೂ ತೋರಿಸಿದರೆ ಹಣ ಬಂದ ದಿನ ಯಾರೂ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ.

ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಅದೇ 1882ರ ಕಾಯಿದೆಯ 108ನೇ ಕಲಮಿನ ತತ್ತ್ವ. ಬಿಸಿಲಿಗೆ ಮಾಸಿದ ಬಣ್ಣ, ವರ್ಷಗಟ್ಟಲೆ ತಿರುಗಿ ಸಡಿಲವಾದ ನಳ ಸವೆತ. ಗೋಡೆಗೆ ಹೊಡೆದ ಮೊಳೆಗಳ ತೂತು, ಒಡೆದ ಸಿಂಕು ಸವೆತವಲ್ಲ. ನೀವೇ ಹಾಕಿಸಿದ ಫ್ಯಾನು, ಗೀಸರು, ಪರದೆಯ ಸಲಾಕೆಗಳನ್ನು ಮನೆ ಮೊದಲಿದ್ದ ಸ್ಥಿತಿಗೆ ತಂದು ಬಿಚ್ಚಿಕೊಂಡು ಹೋಗಲು ನಿಮಗೆ ಹಕ್ಕಿದೆ. ಆದರೂ ಮಾಲಕರೊಂದಿಗೆ ಮಾತಾಡುವಾಗ ಕಲಮಿನ ಸಂಖ್ಯೆಯಿಂದ ಆರಂಭಿಸಬೇಡಿ. ಮನೆಯೊಳಗೆ ಕರೆದು ಒಂದೊಂದನ್ನೇ ತೋರಿಸಿ ಮಾತಾಡಿದರೆ ಬಹುತೇಕ ಮಾಲಕರು ನ್ಯಾಯವಾದ ಮೊತ್ತಕ್ಕೆ ಬರುತ್ತಾರೆ.

ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಹೇಳುವ ಅಭ್ಯಾಸ ಬಹಳ ಕಡೆ ಇದೆ. ಮಾಲಕರು ಒಪ್ಪಿದರೆ ಅದು ಸುಲಭದ ದಾರಿ, ಏಕೆಂದರೆ ನಂತರ ವಸೂಲಿ ಮಾಡಬೇಕಾದ ಹಣ ಕಡಿಮೆಯಾಗುತ್ತದೆ. ಒಪ್ಪದಿದ್ದರೆ ಬಾಡಿಗೆ ನಿಲ್ಲಿಸಬಾರದು.

ವಿದ್ಯುತ್ತು, ಅನಿಲ, ಇಂಟರ್‌ನೆಟ್ಟು

ಜೆಸ್ಕಾಂ ಮೀಟರು ಹೆಚ್ಚಾಗಿ ಮಾಲಕರ ಹೆಸರಿನಲ್ಲಿಯೇ ಇರುತ್ತದೆ, ಅದನ್ನು ಬದಲಿಸುವ ಕೆಲಸವಿಲ್ಲ. ಆದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನಿಮ್ಮಲ್ಲಿ ಯಾರೋ ಒಬ್ಬರ ಆಧಾರ್ ಸಂಖ್ಯೆಯನ್ನು ಆ ಮೀಟರಿಗೆ ಜೋಡಿಸಿರುತ್ತೀರಿ. ಅದನ್ನು ಬಿಡಿಸದೆ ಹೋದರೆ ಅವರಿಗೆ ಹೊಸ ಊರಿನ ಮನೆಯಲ್ಲಿ ಯೋಜನೆಯ ಲಾಭ ಪಡೆಯಲು ಅಡ್ಡಿಯಾಗುತ್ತದೆ, ಇಲ್ಲಿಗೆ ಬರುವ ಹೊಸ ಬಾಡಿಗೆದಾರರಿಗೂ ತೊಡಕು. ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡುವ ಸೌಲಭ್ಯವಿದೆ. ಕೊನೆಯ ಬಿಲ್ಲು ಕೈಗೆ ಬಂದ ಮೇಲೆ ಅದನ್ನು ಮಾಡಿ ಮುಗಿಸಬೇಕು. ಉಚಿತದ ಮಿತಿ ಸಾಮಾನ್ಯವಾಗಿ ಆ ಮನೆಯ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು, ಗರಿಷ್ಠ 200 ಯೂನಿಟ್ಟು. ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಹಗಲು ರಾತ್ರಿ ಕೂಲರ್ ಓಡುವ ಏಪ್ರಿಲ್, ಮೇ ತಿಂಗಳಲ್ಲಿ ಮನೆ ಬಿಡುವವರು ಕೊನೆಯ ಬಿಲ್ಲು ಸೊನ್ನೆ ಬರುತ್ತದೆಂದು ನಂಬಿ ಕೂರಬಾರದು. ಕೀಲಿಕೈ ಒಪ್ಪಿಸುವ ಬೆಳಿಗ್ಗೆ ಮೀಟರಿನ ಅಂಕೆ ಕಾಣುವಂತೆ ಒಂದು ಫೋಟೊ ತೆಗೆದು ಮಾಲಕರಿಗೂ ಕಳಿಸಿ.

ಅಡುಗೆ ಅನಿಲದ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು ಏಜೆನ್ಸಿಗೆ ಹೋಗಬೇಕು. ಬೇರೆ ಊರಿಗೆ ಹೋಗುವವರು ಸಿಲಿಂಡರು ಮತ್ತು ರೆಗ್ಯುಲೇಟರನ್ನು ಒಪ್ಪಿಸಿದರೆ, ಸಂಪರ್ಕ ಪಡೆದಾಗ ಕೊಟ್ಟ ಚೀಟಿಯ ಮೇಲೆ ನಮೂದಾದ ಠೇವಣಿ ವಾಪಸು ಸಿಗುತ್ತದೆ. ಜೊತೆಗೆ ಕೊಡುವ ವರ್ಗಾವಣೆ ಪತ್ರವನ್ನು ತೋರಿಸಿ ಹೊಸ ಊರಿನಲ್ಲಿ ಸಂಪರ್ಕ ಪಡೆಯಬಹುದು. ಒಲೆ ನಿಮ್ಮದೇ. ಸಿಲಿಂಡರನ್ನು ರೈಲಿನಲ್ಲಿ ಒಯ್ಯುವುದು ನಿಷಿದ್ಧ. ಯಾರೋ ಬಂಧುಗಳ ಹೆಸರಿನ ಸಿಲಿಂಡರನ್ನು ತಂದು ಬಳಸುತ್ತಿದ್ದರೆ ಅದನ್ನು ಅವರಿಗೇ ಮುಟ್ಟಿಸಿ, ಮುಂದಿನ ಬಾಡಿಗೆದಾರರಿಗೆ ಮಾರಿ ಹೋಗಬೇಡಿ.

ಇಂಟರ್‌ನೆಟ್ಟಿನ ರೌಟರನ್ನು ಕಂಪನಿಗೆ ಹಿಂತಿರುಗಿಸಿ ಬಾಕಿಯಿಲ್ಲವೆಂಬ ಸಂದೇಶ ಪಡೆಯಿರಿ. ನೀರಿನ ಕ್ಯಾನಿನವರ ಬಳಿ ಇಟ್ಟ ಠೇವಣಿಯೂ ನೆನಪಿರಲಿ, ಖಾಲಿ ಕ್ಯಾನು ಕೊಟ್ಟರೆ ಅದು ಬರುತ್ತದೆ.

ಕೂಡಿ ಕೊಂಡ ಸಾಮಾನು

ಕೂಲರ್, ಫ್ರಿಜ್ಜು, ವಾಷಿಂಗ್ ಮಷೀನು, ಮಿಕ್ಸರು, ಇನ್ವರ್ಟರಿನ ಬ್ಯಾಟರಿ ಇವನ್ನು ಎಲ್ಲರೂ ಹಣ ಹಾಕಿ ಕೊಂಡಿರುತ್ತೀರಿ. ಹಂಚಿಕೆಗೆ ನನಗೆ ಸರಿಯೆನಿಸುವ ವಿಧಾನ ಚೀಟಿಯದು. ಒಂದೊಂದು ವಸ್ತುವಿಗೂ ಎಲ್ಲರೂ ತಾವು ಕೊಡಲು ಸಿದ್ಧವಿರುವ ಬೆಲೆಯನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಬೇಕು. ಹೆಚ್ಚು ಬರೆದವರಿಗೆ ವಸ್ತು, ಉಳಿದವರಿಗೆ ಆ ಬೆಲೆಯಲ್ಲಿ ಅವರವರ ಪಾಲು. ನಾಲ್ವರು ಕೊಂಡ ಕೂಲರಿಗೆ ಒಬ್ಬರು 3,200 ಬರೆದು ಪಡೆದರೆ ಉಳಿದ ಮೂವರಿಗೆ ತಲಾ 800 ಕೊಡುತ್ತಾರೆ. ಇದರಲ್ಲಿ ಕೊಂಡ ಬೆಲೆಯ ನೆನಪು, ಎಷ್ಟು ಸವೆದಿದೆ ಎಂಬ ವಾದ ಯಾವುದೂ ಬೇಕಾಗುವುದಿಲ್ಲ; ಯಾರಿಗೆ ನಿಜವಾಗಿ ಬೇಕೋ ಅವರಿಗೆ ಹೋಗುತ್ತದೆ. ಬಡ್ತಿ, ಸಂಬಳಗಳಲ್ಲಿ ದೊಡ್ಡ ಅಂತರವಿರುವ ಮನೆಯಲ್ಲಿ ಮಾತ್ರ ಹೆಚ್ಚು ಗಳಿಸುವವರು ಎಲ್ಲವನ್ನೂ ಎತ್ತಿಕೊಳ್ಳದಂತೆ ಒಬ್ಬರಿಗೆ ಒಂದೇ ದೊಡ್ಡ ವಸ್ತು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಯಾರಿಗೂ ಬೇಡವಾದುದನ್ನು ಮುಂದೆ ಬರುವ ಬಾಡಿಗೆದಾರರಿಗೆ ಅಥವಾ ಹೊಸದಾಗಿ ಊರಿಗೆ ಬಂದ ಕಿರಿಯ ಸಹೋದ್ಯೋಗಿಗೆ ಮಾರಬಹುದು. ಅಂತರಜಾಲದಲ್ಲಿ ಮಾರುವ ಹೆಣ್ಣುಮಕ್ಕಳು ಮನೆಯ ವಿಳಾಸವನ್ನು ಮೊದಲೇ ಕೊಡದೆ, ಕೊಳ್ಳುವವರು ಬರುವಾಗ ಮನೆಯಲ್ಲಿ ಇಬ್ಬರಾದರೂ ಇರುವಂತೆ ನೋಡಿಕೊಳ್ಳಬೇಕು. ಕೊಳ್ಳಲು ಬಂದವರಿಗೆ ಮನೆ ಖಾಲಿಯಾಗುವ ದಿನ ಹೇಳುವ ಅಗತ್ಯವಿಲ್ಲ. ಹಳೆಯ ಪತ್ರಿಕೆಗಳು ರದ್ದಿಗೆ, ಮುರಿದ ಕಬ್ಬಿಣ ಗುಜರಿಗೆ ಹೋಗಲಿ. ಸಂಶೋಧನಾ ವಿದ್ಯಾರ್ಥಿಗಳ ಪರೀಕ್ಷಾ ಪುಸ್ತಕಗಳನ್ನು ರದ್ದಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಈ ಊರಿನಲ್ಲಿ ಬಹಳ ಇದ್ದಾರೆ. ಪರಿಚಿತರ ಮೂಲಕ ವಿಚಾರಿಸಿದರೆ ಒಂದು ಸಂಜೆಯೊಳಗೆ ಪಡೆಯುವವರು ಸಿಗುತ್ತಾರೆ. ಗಾದಿ, ದಿಂಬುಗಳನ್ನು ಕೊಡುವುದಾದರೆ ಒಗೆದು, ಬಿಸಿಲಿಗೆ ಹಾಕಿ, ತೆಗೆದುಕೊಳ್ಳುವವರನ್ನು ಕೇಳಿ ಕೊಡಿ.

ಕೂಲರನ್ನು ಒಯ್ಯುವವರು ಎರಡು ದಿನ ಮೊದಲೇ ನೀರು ಪೂರ್ತಿ ತೆಗೆದು, ಹುಲ್ಲಿನ ಪಟ್ಟಿಗಳನ್ನು ಬಿಚ್ಚಿ, ತೊಟ್ಟಿಯನ್ನು ಒರೆಸಿ ಒಣಗಿಸಬೇಕು; ಇಲ್ಲವಾದರೆ ದಾರಿಯಲ್ಲಿ ಉಳಿದ ಸಾಮಾನು ನೆನೆಯುತ್ತದೆ, ತಗಡಿಗೆ ತುಕ್ಕು ಹಿಡಿಯುತ್ತದೆ. ಹಳೆಯ ಹುಲ್ಲನ್ನು ಒಯ್ಯುವ ಅಗತ್ಯವಿಲ್ಲ. ಮೋಟರ್ ಸೈಕಲನ್ನು ರೈಲಿನಲ್ಲಿ ಕಳಿಸುವುದಾದರೆ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಪೆಟ್ರೋಲು ಪೂರ್ತಿ ಖಾಲಿಯಿರಬೇಕು, ಗಾಡಿಯ ನೋಂದಣಿ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಗಾಡಿಯನ್ನು ಗೋಣಿಯಿಂದ ಬಿಗಿಯಾಗಿ ಕಟ್ಟಿಸಬೇಕು. ಕಲಬುರಗಿಯಲ್ಲಿ ಹೆಚ್ಚಿನ ರೈಲುಗಳು ಕೆಲವೇ ನಿಮಿಷ ನಿಲ್ಲುವುದರಿಂದ ನೀವು ಪ್ರಯಾಣಿಸುವ ರೈಲಿನಲ್ಲಿಯೇ ಗಾಡಿ ಬರುತ್ತದೆಂದು ಎಣಿಸಬೇಡಿ. ಬೀದರ, ಯಾದಗಿರಿಯಷ್ಟು ಹತ್ತಿರದ ಊರಿಗಾದರೆ ಒಂದು ಟಾಟಾ ಏಸಿನಲ್ಲಿ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಮನೆ ತೊಳೆದು ಕೊಡುವುದು

ನಮ್ಮ ಭಾಗದ ಮನೆಗಳ ನೆಲಕ್ಕೆ ಶಹಾಬಾದ ಕಲ್ಲು ಹಾಕಿರುವುದು ಸಾಮಾನ್ಯ. ಅದು ಸುಣ್ಣದ ಕಲ್ಲು. ಶಹಾಬಾದ, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದುದೂ ಈ ಕಲ್ಲಿನಿಂದಲೇ. ಸುಣ್ಣದ ಕಲ್ಲಿಗೆ ಆಸಿಡ್ ತಗುಲಿದರೆ ನೊರೆಯೆದ್ದು ಮೇಲ್ಮೈ ಕರಗುತ್ತದೆ, ನಯ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ, ಅದನ್ನು ಮತ್ತೆ ಪಾಲಿಶ್ ಮಾಡಿಸದೆ ಸರಿಪಡಿಸಲಾಗದು. ಕೊನೆಯ ದಿನ ಅವಸರದಲ್ಲಿ ಶೌಚಾಲಯದ ಆಸಿಡನ್ನು ನೆಲಕ್ಕೆಲ್ಲ ಸುರಿದು ತಿಕ್ಕಿದವರು ಕೊಳೆಯ ಬದಲು ಕಲ್ಲನ್ನೇ ಕಳೆದುಕೊಂಡಿದ್ದಾರೆ. ಸಾಬೂನಿನ ನೀರು, ಗಟ್ಟಿ ಬ್ರಷ್ಷು ಸಾಕು. ಅಡುಗೆಮನೆಯ ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬಳಿದು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಿದರೆ ಬಹಳಷ್ಟು ಎಣ್ಣೆಯನ್ನು ಅದು ಹೀರಿಕೊಂಡಿರುತ್ತದೆ. ಗಡಸು ನೀರಿನಿಂದ ನಳಗಳ ಮೇಲೆ ಕಟ್ಟಿದ ಬಿಳಿ ಪದರವನ್ನು ನಿಂಬೆಹಣ್ಣಿನ ಹೋಳಿನಿಂದ ತಿಕ್ಕಿ ತೆಗೆಯಬಹುದು, ಆ ರಸ ಕಲ್ಲಿನ ಮೇಲೆ ನಿಲ್ಲದಂತೆ ಕೂಡಲೇ ನೀರು ಹಾಕಬೇಕು.

ಮೊಳೆಯ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ. ಮನೆಯ ಸಾಮಾನೆಲ್ಲ ಹೋದ ಮೇಲೆ ಪ್ರತಿಯೊಂದು ಕೋಣೆಯ ವೀಡಿಯೊ ಮಾಡಿ ಇಟ್ಟುಕೊಳ್ಳಿ. ಮಾಸಿದ ದೇವರ ಪಟಗಳನ್ನಾಗಲಿ, ಕಸವನ್ನಾಗಲಿ ಖಾಲಿ ಮನೆಯಲ್ಲಿ ಬಿಟ್ಟುಹೋಗಬಾರದು. ಅಂಗಳದ ತುಳಸಿ, ಮಲ್ಲಿಗೆಯ ಕುಂಡಗಳನ್ನು ನೀರು ಹಾಕುವ ಕೈಗೆ ಒಪ್ಪಿಸಿ ಹೋಗಿ, ಇಲ್ಲಿನ ಬಿಸಿಲಿಗೆ ಅವು ವಾರವೂ ಬದುಕುವುದಿಲ್ಲ.

ಉದ್ರಿ, ಕೆಲಸದವರು, ನೆರೆಹೊರೆ

ಕಿರಾಣಿ ಅಂಗಡಿಯ ಉದ್ರಿ ಖಾತೆ, ಹಾಲಿನವರ ತಿಂಗಳ ಲೆಕ್ಕ, ಪೇಪರ್ ಹುಡುಗನ ಬಾಕಿ, ಇಸ್ತ್ರಿಯವರಲ್ಲಿ ಉಳಿದ ಬಟ್ಟೆ, ಖಾನಾವಳಿಯ ಕೂಪನ್ನುಗಳು, ಇವನ್ನು ಕೊನೆಯ ವಾರ ಇಬ್ಬರು ಕೂಡಿ ಹೋಗಿ ತೀರಿಸಬೇಕು. ಒಬ್ಬರೇ ಹೋದರೆ ಯಾರು ಕಟ್ಟಿದರು ಎಂಬುದು ಮರೆಯುತ್ತದೆ.

ಮನೆಗೆಲಸಕ್ಕೆ, ಅಡುಗೆಗೆ ಬರುವ ಅಕ್ಕನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮಾಲಕರಿಗೆ ಒಂದು ತಿಂಗಳು ಮೊದಲು ಹೇಳುವ ನಾವು ಅವರಿಗೆ ಎರಡು ದಿನ ಮೊದಲು ಹೇಳುವುದು ಸರಿಯಲ್ಲ. ಅವರ ತಿಂಗಳ ಆದಾಯದಲ್ಲಿ ನಿಮ್ಮ ಮನೆ ಒಂದು ದೊಡ್ಡ ಭಾಗವಾಗಿರಬಹುದು. ಮಾಲಕರಿಗೆ ತಿಳಿಸಿದ ದಿನವೇ ಅವರಿಗೂ ತಿಳಿಸಿ, ನಡುವೆ ಮನೆ ಬಿಟ್ಟರೂ ಆ ತಿಂಗಳ ಪೂರ್ತಿ ಸಂಬಳ ಕೊಡಿ, ನಿಮ್ಮ ಕಚೇರಿಯ ಇತರರಲ್ಲಿ ವಿಚಾರಿಸಿ ಇನ್ನೊಂದು ಮನೆ ಹುಡುಕಿಕೊಡಿ. "ನಿಮಗ ಬ್ಯಾಡಾದ ಸಾಮಾನ ನಾವು ಒಯ್ತೀವಿ" ಎಂದು ಅವರೇ ಕೇಳುವಂತೆ ಮಾಡದೆ, ಚೀಟಿಯ ಹಂಚಿಕೆಗೆ ಮೊದಲೇ ಅವರಿಗೆ ಏನು ಉಪಯೋಗವಾದೀತೆಂದು ಕೇಳಿ, ಒಂದು ಒಳ್ಳೆಯ ವಸ್ತುವನ್ನು ಪಕ್ಕಕ್ಕೆ ತೆಗೆದಿಡಬೇಕು.

ನೆರೆಮನೆಯ ಡಬ್ಬಿ, ಭಾಂಡೆಗಳು ನಿಮ್ಮ ಅಡುಗೆಮನೆಯಲ್ಲಿ ಉಳಿದಿರುತ್ತವೆ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಳಿಸಿದ ಪಾತ್ರೆಯೂ ಅವುಗಳಲ್ಲಿ ಇದ್ದೀತು. ಅವನ್ನು ಹುಡುಕಿ, ಬರಿದಾಗಿ ಕೊಡದೆ ಸ್ವಲ್ಪ ಸಕ್ಕರೆಯನ್ನೋ ಹಣ್ಣನ್ನೋ ಹಾಕಿ ಹಿಂತಿರುಗಿಸುವುದು ನಮ್ಮ ಕಡೆಯ ಪದ್ಧತಿ.

ಬೀಳ್ಕೊಡುಗೆಯ ಸಂಜೆ

ಇಷ್ಟೆಲ್ಲ ಮುಗಿದಿದ್ದರೆ ಕೊನೆಯ ಎರಡು ದಿನ ನಿಮ್ಮವು, ಮತ್ತು ಮೇಲಿನ ಎಲ್ಲ ಲೆಕ್ಕಾಚಾರದ ಉದ್ದೇಶವೂ ಆ ಎರಡು ದಿನಗಳೇ. ಊಟವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ, ಅನಿಲದ ಸಿಲಿಂಡರು ಒಪ್ಪಿಸುವ ಹಿಂದಿನ ದಿನ. ಎಲ್ಲವನ್ನೂ ಮಾಡುವ ಅಗತ್ಯವಿಲ್ಲ: ಜೋಳದ ರೊಟ್ಟಿಗಳನ್ನು ಎಣಿಸಿ ಮಾಡಿಕೊಡುವ ಮನೆಗಳು ಪ್ರತಿ ಬಡಾವಣೆಯಲ್ಲೂ ಇವೆ, ಶೇಂಗಾ ಹಿಂಡಿ ಅಂಗಡಿಯಲ್ಲಿ ಸಿಗುತ್ತದೆ, ಸಿಹಿಗೆ ಕಲಬುರಗಿಯ ಮಾಲ್ದಿ ಇದೆ. ಎಣ್ಣೆಗಾಯಿ ಮತ್ತು ಪುಂಡಿಪಲ್ಯವನ್ನು ನಾಲ್ಕು ಕೈ ಸೇರಿ ಒಂದು ಗಂಟೆಯಲ್ಲಿ ಮಾಡಬಹುದು. ಮಾಲಕರ ಮನೆಯವರನ್ನು, ಕೆಲಸದ ಅಕ್ಕನನ್ನು, ಪಕ್ಕದ ಮನೆಯವರನ್ನು, ನಡುವೆ ಬಿಟ್ಟುಹೋಗಿ ಇದೇ ಊರಿನಲ್ಲಿರುವ ಹಳೆಯ ಜೊತೆಗಾರರನ್ನು ಕರೆಯಿರಿ. ಕಚೇರಿಯ ಇಡೀ ಬಳಗವನ್ನು ಕರೆದರೆ ಅದು ಕಚೇರಿಯ ಸಮಾರಂಭವಾಗುತ್ತದೆ. ಮನೆಯ ಊಟಕ್ಕೆ ಆ ಮನೆಯಲ್ಲಿ ಉಂಡವರು ಸಾಕು.

ಅಂದು ಯಾರೂ ಲೆಕ್ಕದ ಮಾತು ಎತ್ತಬಾರದು. ಏನಾದರೂ ಬಾಕಿ ನೆನಪಾದರೆ ಬರೆದಿಟ್ಟುಕೊಂಡು ಮರುದಿನ ಹೇಳಿ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇರುತ್ತದೆ. ಜ್ವರ ಬಂದಾಗ ರಾತ್ರಿ ಆಸ್ಪತ್ರೆಗೆ ಕರೆದೊಯ್ದವರು, ಸಂಬಳ ತಡವಾದ ತಿಂಗಳು ಕೇಳದೆ ಬಾಡಿಗೆ ತುಂಬಿದವರು, ಪರೀಕ್ಷೆಯ ಹಿಂದಿನ ದಿನ ಟಿವಿ ಆರಿಸಿ ಕೂತವರು ಇದೇ ಮನೆಯಲ್ಲಿ ಇದ್ದಾರೆ, ಮತ್ತು ಅವರಿಗೆ ಅದನ್ನು ಆಗ ಯಾರೂ ಹೇಳಿರುವುದಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರಿಗೆ ಒಂದು ನಿಜವಾದ ಸಂಗತಿ ನೆನಪಿಸಿ ಧನ್ಯವಾದ ಹೇಳಬೇಕು. ಎದುರಿಗೆ ಹೇಳಲು ನಾಲಗೆ ಏಳದವರು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡಲಿ. ಒಂದೇ ಕಚೇರಿಯಲ್ಲಿ ಮುಂದುವರಿಯುವವರಿಗೂ ಇದು ಬೇಕು, ಏಕೆಂದರೆ ನಾಳೆ ಭೇಟಿಯಾಗುವವರು ಸಹೋದ್ಯೋಗಿಗಳು, ಮನೆಯ ಜೊತೆಗಾರರಾಗಿ ಇದೇ ಕೊನೆಯ ರಾತ್ರಿ.

ಕಾಣಿಕೆ ಕೊಡುವುದಾದರೆ ಎಲ್ಲರೂ ಹಣ ಕೂಡಿಸಿ ದೂರ ಹೋಗುವವರಿಗೆ ಬೀದರಿನ ಒಂದು ಸಣ್ಣ ಬಿದರಿ ವಸ್ತು ಕೊಡಬಹುದು. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುವ ಆ ಕೆಲಸ ಚಿಕ್ಕ ಡಬ್ಬಿಯಲ್ಲೂ ಪೂರ್ಣವಾಗಿರುತ್ತದೆ. ಅಷ್ಟು ಖರ್ಚು ಬೇಡವೆಂದರೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿ ಬೇಳೆ ಎರಡು ಕಿಲೋ ಕಟ್ಟಿಕೊಡಿ. ಬೆಂಗಳೂರಿಗೆ, ಮಂಗಳೂರಿಗೆ ಹೋದವರು ಅದನ್ನು ಬೇಯಿಸಿದ ದಿನ ಫೋನು ಮಾಡುತ್ತಾರೆ. ಒಂದು ಬೆಳಿಗ್ಗೆ ಬಿಡುವಿದ್ದರೆ ಎಲ್ಲರೂ ಕೂಡಿ ಕೋಟೆಗೆ ಹೋಗಿ, 1367ರಲ್ಲಿ ಕಟ್ಟಿದ, ಅಂಗಳವೂ ಸೇರಿ ಪೂರ್ತಿ ಮಾಳಿಗೆ ಹೊದಿಸಿದ ಜಾಮಿ ಮಸೀದಿಯ ಕಮಾನುಗಳ ಕೆಳಗೆ ಸ್ವಲ್ಪ ಹೊತ್ತು ಕೂತು ಬನ್ನಿ. ವರ್ಷಗಟ್ಟಲೆ ಇದೇ ಊರಿನಲ್ಲಿದ್ದು ಅದನ್ನು ನೋಡದೆ ಹೋಗುವವರೇ ಹೆಚ್ಚು.

ಕೀಲಿಕೈ ಒಪ್ಪಿಸಿದ ಮೇಲೆ

ಎಲ್ಲ ಕೀಲಿಕೈಗಳನ್ನು, ಒಬ್ಬೊಬ್ಬರು ಮಾಡಿಸಿಕೊಂಡ ನಕಲುಗಳನ್ನೂ ಸೇರಿಸಿ, ಎಣಿಸಿ ಮಾಲಕರ ಕೈಗೆ ಕೊಟ್ಟು, ಅಡ್ವಾನ್ಸಿನ ಹಣ ಪಡೆದು, "ಮನೆ ಖಾಲಿ ಮಾಡಿ ಒಪ್ಪಿಸಿದ್ದಾರೆ, ಬಾಕಿ ಏನೂ ಇಲ್ಲ" ಎಂಬ ಒಂದು ಸಾಲು ಬರೆದುಕೊಡುವಂತೆ ಕೇಳಬೇಕು. ಹಣ ಯಾರ ಖಾತೆಗೆ ಬಂದಿತೋ ಅವರು ಅದೇ ದಿನ, ಮೊದಲೇ ಮಾಡಿಟ್ಟ ಲೆಕ್ಕದಂತೆ, ಉಳಿದವರಿಗೆ ಕಳಿಸಬೇಕು. ಸ್ವಲ್ಪ ದಿನ ನಿಮ್ಮ ಖಾತೆಯಲ್ಲಿರಲಿ ಎಂದು ಯಾರಾದರೂ ಔದಾರ್ಯದಿಂದ ಹೇಳಿದರೂ ಕಳಿಸಿಬಿಡಿ.

ಕರಾರಿನ ಸಮಯದಲ್ಲಿ ಕೊಟ್ಟ ಆಧಾರ್ ಪ್ರತಿಗಳನ್ನು ವಾಪಸು ಕೇಳಬಹುದು. ಬ್ಯಾಂಕು, ವಿಮೆ, ಆಧಾರ್‌ಗಳಲ್ಲಿ ವಿಳಾಸ ಬದಲಿಸಿ. ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಹೊಸ ಊರಿನಲ್ಲಿ ನಮೂನೆ 8 ತುಂಬಿದರೆ ಹೆಸರು ವರ್ಗವಾಗುತ್ತದೆ, ಹೊಸದಾಗಿ ಸೇರಿಸುವ ನಮೂನೆ 6 ಅದಕ್ಕಲ್ಲ. ಹಳೆಯ ವಿಳಾಸಕ್ಕೆ ಬರುವ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವಂತೆ ಬಡಾವಣೆಯ ಅಂಚೆ ಕಚೇರಿಗೆ ಬರಹದಲ್ಲಿ ಕೊಡಬಹುದು. ಅದರ ಜೊತೆಗೆ, ಕಲಬುರಗಿಯಲ್ಲಿಯೇ ಉಳಿಯುವ ಒಬ್ಬ ಜೊತೆಗಾರರ ಫೋನ್ ಸಂಖ್ಯೆಯನ್ನು ಮಾಲಕರಿಗೆ ಬರೆದುಕೊಟ್ಟು ಹೋಗಿ. ತಡವಾಗಿ ಬಂದ ಬಿಲ್ಲು, ನೇಮಕಾತಿಯ ಪತ್ರ, ಮರೆತ ಮೊಬೈಲ್ ಚಾರ್ಜರು ಯಾವುದಿದ್ದರೂ ಅವರು ಒಬ್ಬರಿಗೇ ತಿಳಿಸಿದರೆ ಸಾಕು.